ಆರು ಋಣ

ಮೀನಾ ರಗ್ರಾದ ಸುರಂಗದೊಳಗೆ
ಗೋಡೆ ಬೆವರುತ್ತಿತ್ತಂತೆ.
ಕಪ್ಪು ಅದಿರು, ಗಂಧಕದ ನಾತ, ಮೊಣಕಾಲೆತ್ತರ ತಣ್ಣೀರು.
ಅಗೆದು ಬಿಟ್ಟ ಮೂಲೆಗಳಲ್ಲಿ
ಗಾಳಿಯೂ ತೇವವೂ ಸೇರಿ ಅದಿರನ್ನು ನಿಧಾನವಾಗಿ ಮೆಲ್ಲುತ್ತ
ಕಿತ್ತಳೆ ಬಣ್ಣದ ಹಕ್ಕಳೆ ಕಟ್ಟಿದ್ದವು.
ಲಾಂದ್ರ ಎತ್ತಿದರೆ ಕಣ್ಣು ಕುಕ್ಕುವಂಥ ಕಿತ್ತಳೆ.

ಅಜ್ಜ ಫೋರ್ತುನಾತೊ ಕರ್ವಾರಿಕ್ರಾ
ಅದನ್ನು ಉಗುರಲ್ಲಿ ಕೆರೆದು, ಬೆಂಕಿಪೊಟ್ಟಣಕ್ಕೆ ತುಂಬಿ,
ಲಾಮಾಗಳ ಹಿಂದೆ ಎರಡು ದಿನ ನಡೆದು ಮನೆಗೆ ತಂದ.
ಮದುವೆಯಾಗಿ ಆಗಿನ್ನೂ ನಲವತ್ತು ದಿನ.
ತೆರೆದರೆ ಒಳಗೆ ಬರೀ ಮಾಸಲು ಹಳದಿ ಪುಡಿ.
"ಮೆಣಸಿನ ಪುಡಿಯೇ?" ಎಂದಳು ಸತುರ್ನೀನಾ.
"ಕಿತ್ತಳೆಯಾಗಿತ್ತು," ಎಂದ ಅಜ್ಜ,
"ನಿನ್ನೆಯವರೆಗೂ ಕಿತ್ತಳೆಯಾಗಿತ್ತು."
ಅವಳು ನಂಬಲಿಲ್ಲ.
ಅವನು ಬದುಕಿದ್ದ ಐವತ್ತೊಂದು ವರ್ಷವೂ ನಂಬಲಿಲ್ಲ.

ನಾನು ನಂಬುತ್ತೇನೆ.
ಸೆರ್ರೊ ದೆ ಪಾಸ್ಕೊದ ಶಾಲೆಯ ಕರಿಹಲಗೆಯ ಮೇಲೆ
ಇದರ ಲೆಕ್ಕ ಬರೆಯುವುದಕ್ಕೇ ನನಗೆ ಸಂಬಳ.
ಹತ್ತು ವನೇಡಿಯಂ, ಇಪ್ಪತ್ತೆಂಟು ಆಮ್ಲಜನಕ,
ಚಳಿಗೆ ಮೈಗೆ ಮೈ ಒತ್ತಿ ಕೂತ ಹಾಗೆ
ಒಂದೇ ಮುದ್ದೆಯಾದ ಅಯಾನು;
ಅದರ ತಲೆಯ ಮೇಲೆ ಆರು ಋಣ.
ಮೂರು ಕ್ಯಾಲ್ಸಿಯಂ ಬರುತ್ತವೆ,
ಒಂದೊಂದರ ಸೆರಗಿನ ಗಂಟಿನಲ್ಲಿ ಎರಡೆರಡು ಧನ.
ಲೆಕ್ಕ ಚುಕ್ತಾ.
ಜೊತೆಗೆ ಹದಿನೇಳು ನೀರು,
ಬಾಗಿಲ ಬಳಿಯೇ ಕೂತ ನೆಂಟರು,
ಒಣಗಾಳಿ ಕರೆದರೆ ಹೇಳದೆ ಎದ್ದು ಹೋಗುವವರು.
ಹೋಗುವಾಗ ಬಣ್ಣವನ್ನೂ ಒಯ್ಯುತ್ತಾರೆ.
ಬೆಂಕಿಪೊಟ್ಟಣದಿಂದ ದಾರಿಯುದ್ದ ಇಳಿದು ಹೋದವರು ಅವರೇ.

ಅಜ್ಜನ ಋಣ ಕಂಪನಿ ಅಂಗಡಿಯ ಪುಸ್ತಕದಲ್ಲಿತ್ತು:
ಬೂಟು, ಸೀಮೆಎಣ್ಣೆ, ಕೋಕಾ ಎಲೆ, ಮದುವೆಗೆ ಕೊಂಡ ಟೋಪಿ.
ಅದನ್ನು ಸರಿದೂಗಿಸುವ ಕ್ಯಾಲ್ಸಿಯಂ
ಆ ಬೆಟ್ಟದಲ್ಲಿ ಇರಲಿಲ್ಲ.

ಅವನ ನಾಲಗೆ ಹಸಿರು.
ಕೋಕಾ ಜಗಿದೂ ಜಗಿದೂ, ಎನ್ನುತ್ತಿದ್ದಳು ಅಜ್ಜಿ.
ಹಲ್ಲುನೋವಿಗೆ ಕೋಕಾ ಬಿಟ್ಟ ತಿಂಗಳೂ ಅದು ಹಸಿರೇ.
ಅದಿರು ಹುರಿಯುವ ಕುಲುಮೆಯ ದೂಳು ಬಾಯಿಗೆ ಬಿದ್ದರೆ
ಎಂಜಲು ಅದನ್ನು ಸುಮ್ಮನೆ ಬಿಡುವುದಿಲ್ಲ;
ಅದಕ್ಕೊಂದಿಷ್ಟು ಇಲೆಕ್ಟ್ರಾನು ಕೊಟ್ಟು ಹಸಿರು ಮಾಡಿ ಕೂರಿಸುತ್ತದೆ.
ವಿಷವಿದ್ಯೆಯ ಪುಸ್ತಕದಲ್ಲಿ ಇದಕ್ಕೆ ಎರಡು ಸಾಲು.
ಅಜ್ಜ ಜಪಮಾಲೆ ಎಣಿಸಿದ್ದೂ, ಮೇಸ್ತ್ರಿಯನ್ನು ಬೈದದ್ದೂ,
ನನಗೆ ಕ್ವೆಚುವಾದಲ್ಲಿ ಒಂದು ಎರಡು ಕಲಿಸಿದ್ದೂ
ಆ ಎರಡು ಸಾಲಿನಿಂದಲೇ.

ಜೂನ್ ಚಳಿಗೆ ಕಿಟಕಿ ಮಸುಕಾದಾಗ
ತರಗತಿಗೆ ಕುಪ್ಪಿ ತರುತ್ತೇನೆ.
ಹಳದಿ ದ್ರಾವಣ, ಸ್ವಲ್ಪ ಆಮ್ಲ, ಒಂದು ಚಿಟಿಕೆ ಸತು.
ಮೊದಲು ಹಸಿರು. ಅದು ಹುಸಿ, ಹಳದಿಗೆ ನೀಲಿ ಬೆರೆತದ್ದು, ನಿಲ್ಲದು.
ಆಮೇಲೆ ನೀಲಿ:
ಒಂದು ವನೇಡಿಯಂ, ಅದನ್ನು ಬಿಗಿಯಾಗಿ ಹಿಡಿದ ಒಂದೇ ಆಮ್ಲಜನಕ.
ಉಳಿದವರೆಲ್ಲ ಹೋದರೂ ಆ ಒಂದು ಬಿಡದು.
ಸತು ಅದನ್ನೂ ಬಿಡಿಸುತ್ತದೆ.
ಮತ್ತೆ ಹಸಿರು, ಈ ಸಲ ನಿಜದ್ದು.
ಕೊನೆಗೆ ನೇರಳೆ.

"ಮಿಸ್," ಎಂದಳು ಎರ್ಮೆಲಿಂದಾ,
"ಇದರ ಸ್ವಂತ ಬಣ್ಣ ಯಾವುದು?"
ಬಿರಡೆ ತೆಗೆದಿಡು, ಎಂದೆ.
ಗಂಟೆ ಹೊಡೆಯಿತು. ಬೆಂಚು ಎಳೆದ ಸದ್ದು.
ನೇರಳೆ ಗಾಳಿ ಕುಡಿದು ಆಗಲೇ ಹಸಿರಿನ ಕಡೆ ಹೊರಳುತ್ತಿತ್ತು.

ಕಳೆದ ಆಗಸ್ಟಿನಲ್ಲಿ ರಗ್ರಾಕ್ಕೆ ಹೋಗಿದ್ದೆ.
ಸುರಂಗದ ಬಾಯಿ ಕುಸಿದಿದೆ, ಒಬ್ಬಳು ತೂರುವಷ್ಟು ಸಂದು.
ಟಾರ್ಚಿನ ಬೆಳಕಿಗೆ ಮತ್ತೆ ಅದೇ ಹಕ್ಕಳೆ,
ಯಾರೂ ಬೇಡದಿದ್ದರೂ ಕಟ್ಟಿಕೊಳ್ಳುತ್ತ.
ಉಗುರಲ್ಲಿ ಕೆರೆದೆ.
ಗಾಜಿನ ಸೀಸೆ, ತಳದಲ್ಲಿ ಒದ್ದೆ ಹತ್ತಿ,
ಹರಳಿಗೆ ತಾಕದಂತೆ ನಡುವೆ ಒಂದು ಜಾಲರಿ,
ಬಾಯಿಗೆ ಮೇಣ.

ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದಳು.
ತಿರುಗಿಸಿದಳು. ಮೂಸಿದಳು, ಮೇಣವನ್ನೇ.
"ಹ್ಞೂಂ. ಕಿತ್ತಳೆ."
ಸೀಸೆಯನ್ನು ಸಂತರ ಚಿತ್ರದ ಪಕ್ಕ ಇಟ್ಟು
ಆಲೂಗಡ್ಡೆ ಸುಲಿಯಲು ಕೂತಳು.
ನಾಲ್ಕನೆಯದೋ ಐದನೆಯದೋ ಸುಲಿಯುವಾಗ ಹೇಳಿದಳು:
"ಆದರೆ ಅವನು ತಂದದ್ದು ಹಳದಿ."