ಇಳದ್ನೋ ಇಲ್ಲೋ

ಬ್ಯಾಡಗಿಯಲ್ಲಿ ಏಪ್ರಿಲ್ಲಿನ ಎರಡನೇ ಶನಿವಾರ
ನೆರಳೂ ಕಾದಿರುತ್ತದೆ.
ಆ ಸಂಜೆ ನಮ್ಮ ಕೋಲ್ಡ್ ಸ್ಟೋರೇಜಿನ ಮೂರನೇ ಖೋಲಿಗೆ
ಜನ ಕಂಬಳಿ ಹೊದ್ದು ಬರುತ್ತಾರೆ.
ಬಾಗಿಲಿಗೆ ಬ್ಯಾನರು:
ಜಿಲ್ಲಾ ಮಟ್ಟದ ಫ್ರೀಸ್ಟೈಲ್ ಸ್ಕೀ ಚಲನಚಿತ್ರೋತ್ಸವ,
ವರ್ಷ ಏಳು. ಆರರ ಮೇಲೆ ಕಾಗದ ಅಂಟಿಸಿ ಬರೆದ ಏಳು.

ಹಚ್ಚಿದವ ಹವಾಲ್ದಾರ ಬಿಷ್ಟಪ್ಪ ಕಡೇಮನಿ.
ಹದಿನೆಂಟು ವರ್ಷ ಗುಲ್ಮಾರ್ಗದ ಇಳಿಜಾರಿನಲ್ಲಿ
ಸಿಪಾಯಿಗಳಿಗೆ ಜಾರುವುದ ಕಲಿಸಿ
ಎಡಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು ಬಂದವ.
"ಹಿಮ ಅಂದ್ರ ಹೆಂಗಿರತೈತೋ?" ಅಂದವರಿಗೆಲ್ಲ
ಹೇಳಿ ಹೇಳಿ ಸೋತು
"ಬರ್ರಿ, ತೋರಸ್ತೀನಿ" ಅಂದ.

ನಾನು ಕಂಪ್ರೆಸರಿನವ, ದಾವಲಸಾಬ ನದಾಫ.
ಅಜ್ಜ ಹತ್ತಿ ಹಿಂಜುತ್ತಿದ್ದ, ಬಿಳುಪು ನಮಗೆ ಹೊಸದಲ್ಲ.
ನಾಲ್ಕು ಡಿಗ್ರಿ ದಾಟಬಾರದು,
ನನಗೆ ಗೊತ್ತಿರುವ ಶಾಸ್ತ್ರ ಅಷ್ಟೇ.

ಎರಡೂ ಕಡೆ ಮೆಣಸಿನಕಾಯಿ ಚೀಲದ ಗೋಡೆ,
ನಡುವೆ ಓಣಿಯಷ್ಟು ಜಾಗ,
ಓಣಿಯ ಕೊನೆಗೆ ನಾಲ್ಕು ಬೆಡ್‌ಶೀಟು ಹೊಲಿದ ಪರದೆ.
ಘಾಟಿಗೆ ಒಬ್ಬ ಸೀನಿದರೆ ಸಾಲೇ ಸೀನುತ್ತದೆ.
ಔಲಿಯ ಹುಡುಗ, ಸೋಲಾಂಗಿನ ಹುಡುಗಿ
ತಮ್ಮನ್ನು ತಾವೇ ಬೆಟ್ಟದಿಂದ ಎಸೆದುಕೊಂಡು
ಒಂದು ಸುತ್ತು, ಎರಡು ಸುತ್ತು,
ಕಾಲ ಮೇಲೆ ಆಕಾಶವಲ್ಲ, ಆಕಾಶದ ಮೇಲೆ ಕಾಲು,
ಆಮೇಲೆ ಏನೂ ಆಗದವರಂತೆ ಜಾರಿ ಹೋಗುತ್ತಾರೆ.
ಅವರು ನೆಲ ಮುಟ್ಟಿದಾಗೆಲ್ಲ
ಹಮಾಲರ ಸಾಲಿನಿಂದ ಒಂದು "ಹಾ",
ಬೆನ್ನಿನ ಚೀಲ ಇಳಿಸಿದಾಗ ಬರುವಂಥದೇ.

ಫಕ್ಕೀರವ್ವನದು ಮುಂದಿನ ಸಾಲು.
ದಿನವಿಡೀ ತೊಟ್ಟು ಬಿಡಿಸಿ ಉರಿಯುವ ಅಂಗೈಗಳನ್ನು
ತಣ್ಣನೆ ನೆಲಕ್ಕೆ ಒತ್ತಿ ಕೂರುತ್ತಾಳೆ.
ಅವಳಿಗೆ ನೆಲವೇ ಸಿನಿಮಾ ಅಂದುಕೊಂಡಿದ್ದೆ
ಈ ವರ್ಷದ ತನಕ.

ಈ ವರ್ಷ, ಕೊನೆಯ ಚಿತ್ರ.
ಹಳದಿ ಜಾಕೀಟಿನವನೊಬ್ಬ
ಬಂಡೆಯ ಅಂಚಿನಿಂದ ಹಾರಿದ.
ತಲೆಕೆಳಗಾದ.
ಕರೆಂಟು ಹೋಯಿತು.

ಕಂಪ್ರೆಸರು ನಿಂತರೆ ಒಂದು ಮೌನ ಬರುತ್ತದೆ,
ಅದು ನನ್ನ ಹೊಟ್ಟೆಗೆ ಕೇಳುತ್ತದೆ. ಓಡಿದೆ.
ಜನರೇಟರಿನ ತಂತಿ ಕಂಪ್ರೆಸರಿಗಷ್ಟೇ,
ಖೋಲಿಯ ಪ್ಲಗ್ಗಿಗಿಲ್ಲ.
ಫೋನಿನಲ್ಲಿ ಸಾವ್ಕಾರ್ರು: "ಬಾಗಿಲಾ ಹಾಕ್ರಿ, ತಂಪ ಹೊಕ್ಕೈತಿ."
ಜನ ಕಂಬಳಿಯ ಸಮೇತ ಬಿಸಿ ರಾತ್ರಿಗೆ ಬಂದರು.

ಕತ್ತಲಲ್ಲಿ ಫಕ್ಕೀರವ್ವ:
"ಇಳದ್ನೋ ಇಲ್ಲೋ?"
"ಇಳದಿರತಾನ ಬೇ. ಇಳೀದ ಎಲ್ಲಿ ಹೋಗತಾನ?"
"ನೀ ನೋಡೀ ಏನು?"
ಬಿಷ್ಟಪ್ಪ ಬೀಡಿ ಹಚ್ಚಲಿಲ್ಲ, ಬಾಯಿ ತೆರೆಯಲಿಲ್ಲ.
ಇಳಿಯದವರನ್ನೂ ನೋಡಿದವ ಅವ.

ಕರೆಂಟು ಬಂದಾಗ ಹನ್ನೊಂದೂವರೆ.
ಪೆನ್‌ಡ್ರೈವು ಮಾತ್ರ ಬಾಯಿ ಬಿಡಲಿಲ್ಲ.
ಮರುದಿನ ರಿಪೇರಿಯವನೂ ತಿರುಗಿಸಿ ಮುರುಗಿಸಿ ಕೊಟ್ಟ,
ದುಡ್ಡು ತಗೊಳ್ಳಲಿಲ್ಲ.

ಈಗ ಪೇಟೆಯ ತುಂಬ ಅದೇ.
ಟೆಂಡರಿನ ಹೊತ್ತಿನಲ್ಲಿ ಒಬ್ಬ ದಲಾಲಿ,
"ಇಳದಾ, ಎಡಕ್ಕ ವಾಲಿ ಇಳದಾ," ಅಂದ,
ಸಿನಿಮಾಕ್ಕೆ ಬಂದವನೇ ಅಲ್ಲ.
ಹಮಾಲರಲ್ಲಿ ಎರಡು ಪಂಗಡ.
ಖಾಲಿ ಚೀಲದ ರಾಶಿಯ ಮೇಲೆ ಹುಡುಗರು ಲಾಗ ಹೊಡೆದು
ಹೇಗೆ ಇಳಿದಿರಬಹುದೆಂದು ತೋರಿಸುತ್ತಾರೆ,
ಪ್ರತಿಯೊಬ್ಬನೂ ಬೇರೆ ಥರ.
ಫಕ್ಕೀರವ್ವ ನೋಡುತ್ತಾಳೆ, ಒಪ್ಪುವುದಿಲ್ಲ.

ರಾತ್ರಿ ಪಾಳಿ. ಮೂರು ಗಂಟೆಗೆ ಮೂರನೇ ಖೋಲಿ.
ಪರದೆ ಯಾರೂ ಬಿಚ್ಚಿಲ್ಲ.
ಬ್ಯಾಟರಿ ಬೆಳಕನ್ನು ಅವನಿದ್ದ ಎತ್ತರಕ್ಕೆ ಹಿಡಿದೆ.
ಬೆಡ್‌ಶೀಟಿನ ಹೊಲಿಗೆ ಇತ್ತು, ಸಣ್ಣಗೆ ಅಲುಗುತ್ತಿತ್ತು.
ಬರಿ ಗಾಳಿಯಲ್ಲಿ ಎಷ್ಟು ದಿನ?
ಇಳಿದರೆ ಕೆಳಗೆ ಹಿಮ ಇರಬೇಕು,
ಹಿಮಕ್ಕೆ ನಾಲ್ಕು ಸಾಲದು,
ಬಿಷ್ಟಪ್ಪ ಯಾವತ್ತೋ ಹೇಳಿದ್ದ.

ಮುಳ್ಳನ್ನು ಒಂದು ಗೆರೆ ಕೆಳಗಿಳಿಸಿದೆ.
ರಿಜಿಸ್ಟರಿನಲ್ಲಿ
ನಾಲ್ಕು ಅಂತಲೇ ಬರೆದೆ.