ಕಾರು ಮುಳುಗುವ ದಿನ

ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯಲ್ಲಿ
ಮಡಚುವ ಕುರ್ಚಿ ಮೂವತ್ತು, ಜನ ಹದಿನಾಲ್ಕು.
ಪರದೆ ಸಿಗಲಿಲ್ಲ; ಗೋಡೆಗೆ ಬೆಡ್‌ಶೀಟು ಹೊಡೆದರು.
ನನ್ನ ಕೆಂಪು ಗೆರೆ
ಅದರ ನೀಲಿ ಹೂಗಳ ಮೇಲೆ ಹತ್ತುತ್ತಾ ಹೋಯಿತು.

ವಿಸ್ಕಾನ್ಸಿನ್‌ನ ಬಡಗಣ ಅಂಚು, ಫೆಬ್ರುವರಿ.
ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಮೂಗಿನ ಕೂದಲೂ ಗಾಜಾಗುವ ಈ ಚಳಿಯಲ್ಲಿ
ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಲು
ನೂರೆಂಬತ್ತು ಮೈಲಿ ಓಡಿಸಿಕೊಂಡು ಬಂದಿದ್ದೆ.

"ಸರಾಸರಿ" ಎಂದೆ. ಯಾರೋ ಆಕಳಿಸಿದರು.
"ಒಂದೂವರೆ ಡಿಗ್ರಿ" ಎಂದೆ.
ಲಾರಿ ರಿಪೇರಿಯ ಡ್ವೇನ್ ಹೌಗ್‌ಸ್ಟಾಡ್ ಕೈಯೆತ್ತಿದ:
"ನನ್ನ ಹೆಂಡತಿ ಹೀಟರನ್ನು ಅಷ್ಟು ತಿರುಗಿಸಿದರೆ
ನನಗೆ ಗೊತ್ತೂ ಆಗುವುದಿಲ್ಲ."
ನಗು. ನ್ಯಾಯವಾದ ನಗು.
ಜ್ವರದ ಹೋಲಿಕೆ ಕೊಟ್ಟೆ, ಎಲ್ಲರೂ ಕೊಡುವಂಥದ್ದು;
ಬೆಡ್‌ಶೀಟಿಗೆ ಬಡಿದು ಕೆಳಗೆ ಬಿತ್ತು.

ಹನ್ನೊಂದು ವರ್ಷದಿಂದ ಇದೇ ಕೆಲಸ.
ಹೆದರಿಸಬೇಡ ಎನ್ನುತ್ತದೆ ಕೈಪಿಡಿ, ಮುದ್ದಿಸಲೂಬೇಡ;
ಅನುಮಾನ ಉಪ್ಪಿನಷ್ಟಿರಲಿ, ಅನ್ನದಷ್ಟಲ್ಲ.
ಕೈಪಿಡಿ ಬರೆದವರು
ಇಂಥ ಕೋಣೆಯಲ್ಲಿ ನಿಂತಿರಲಿಕ್ಕಿಲ್ಲ.

ಬಿಡುವು. ತೆಳು ಕಾಫಿ, ಮಾರ್ಲಿಸ್ ಮಾಡಿದ ಕೇಕು.
ಕಪಾಟಿನ ಮೇಲೆ ಕಪ್ಪು ಬೈಂಡಿನ ಪುಸ್ತಕ.
"ಅದಾ? ಕಾರಿನ ಲೆಕ್ಕ," ಎಂದಳು.

ಜನವರಿಯಲ್ಲಿ ಇಂಜಿನ್ನು ಕಳಚಿ, ಎಣ್ಣೆ ಒರೆಸಿ
ಗುಜರಿ ಕಾರೊಂದನ್ನು ಹೆಪ್ಪುಗಟ್ಟಿದ ಕೆರೆಯ ನಡುವೆ ನಿಲ್ಲಿಸುತ್ತಾರೆ,
ಬಂಪರಿಗೆ ಸರಪಳಿ, ಸರಪಳಿಯ ತುದಿಗೆ ಗಡಿಯಾರ.
ಎರಡು ಡಾಲರ್ ಕೊಟ್ಟು ಒಂದು ದಿನ ಹೇಳಬೇಕು:
ಮಂಜುಗಡ್ಡೆ ಕೈಬಿಡುವ ದಿನ.
ಅರ್ಧ ದುಡ್ಡು ಗೆದ್ದವರಿಗೆ, ಅರ್ಧ ಠಾಣೆಯ ಪೈಪುಗಳಿಗೆ.
ಐವತ್ತಾರು ವರ್ಷ, ಐವತ್ತಾರು ಪುಟ.

ಪ್ರೊಜೆಕ್ಟರ್ ಆರಿಸಿ ಓದತೊಡಗಿದೆ.
ಅರವತ್ತೊಂಬತ್ತು: ಏಪ್ರಿಲ್ ಇಪ್ಪತ್ತೇಳು, ಆರ್ವಿಡ್ ಸಂಡ್‌ವಾಲ್.
"ನಮ್ಮಪ್ಪ," ಹಿಂದಿನ ಸಾಲಿನಿಂದ ಒಂದು ದನಿ.
ಎಪ್ಪತ್ತೆರಡು: ಮೇ ಎರಡು.
ಏಪ್ರಿಲ್ ಹದಿನೆಂಟು. ಮತ್ತೆ ಇಪ್ಪತ್ತಾರು.
ಕುಡಿದವನು ಮನೆಗೆ ಹೊರಟ ಹಾಗೆ
ತೂರಾಡುತ್ತಾ, ನಿಲ್ಲುತ್ತಾ, ಹಿಂದೆ ತಿರುಗುತ್ತಾ,
ಆದರೂ ಮನೆಯ ಕಡೆಗೇ.
ಏಪ್ರಿಲ್ ಒಂಬತ್ತು. ಮಾರ್ಚ್ ಮೂವತ್ತು.
ಒಂದು ಪುಟದಲ್ಲಿ ತಾರೀಖೇ ಇಲ್ಲ:
*ಗಡ್ಡೆ ತೆಳು. ಕಾರು ಇಡಲಿಲ್ಲ. ದುಡ್ಡು ವಾಪಸ್.*

ಈ ಸಲ ಯಾರು ಯಾವ ದಿನಕ್ಕೆ ಕಟ್ಟಿದ್ದೀರಿ, ಕೇಳಿದೆ.
ಬೂಟುಗಳು ನೆಲ ಉಜ್ಜಿದವು.
"ಏಪ್ರಿಲ್ ಐದು." "ಎರಡು." "ಮಾರ್ಚ್ ಇಪ್ಪತ್ತೊಂಬತ್ತು."
ಡ್ವೇನ್ ಕಿಸೆಯಿಂದ ಚೀಟಿ ತೆಗೆದು
ತನ್ನದೇ ಅಕ್ಷರವನ್ನು ಬೇರೆಯವರದೆಂಬಂತೆ ನೋಡಿದ.
"ಏಪ್ರಿಲ್ ಒಂದು."
"ನಿಮ್ಮಪ್ಪ?"
"ಅವನಾ? ಯಾವಾಗಲೂ ಇಪ್ಪತ್ತೈದರ ನಂತರ.
ಮುಂಚೆ ಕಟ್ಟುವವನು ಪೆದ್ದ ಅನ್ನುತ್ತಿದ್ದ."

ಬಾಯಿ ತುದಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿದೆ.
ಒಂದು ಕೆರೆ ಎಂದರೆ ಇಡೀ ಭೂಮಿಯಲ್ಲ
ಎಂದಷ್ಟೇ ಹೇಳಿದೆ; ಹೇಳದಿದ್ದರೆ ಮೋಸವಾಗುತ್ತಿತ್ತು.
ಮಾರ್ಲಿಸ್ ಕೇಕಿನ ಚಾಕು ಒರೆಸುತ್ತಾ ಕೇಳಿದಳು,
"ಹಾಗಾದರೆ ಉಳಿದ ಕೆರೆಗಳದ್ದು ಹೇಗಿದೆ?"

ಬೆಡ್‌ಶೀಟಿನ ಮೇಲೆ ಕೆಂಪು ಗೆರೆ ಮತ್ತೆ ಬಂತು.
ಈ ಸಲ ಎರಡು ಕುರ್ಚಿ ಮುಂದಕ್ಕೆ ಜರುಗಿದವು,
ಎರಡೇ. ಒಬ್ಬ ಎದ್ದು ಹೋದ,
ಬಾಗಿಲಲ್ಲಿ ಚಳಿ ಒಮ್ಮೆ ಇಣುಕಿತು.

ಹೊರಡುವಾಗ ನಾನೂ ಒಂದು ಚೀಟಿ ಕೊಂಡೆ.
ಲೆಕ್ಕ ಮಾರ್ಚ್ ಮೂವತ್ತೊಂದು ಎನ್ನುತ್ತಿತ್ತು.
ಕೈ ಏಪ್ರಿಲ್ ಇಪ್ಪತ್ತೇಳು ಎಂದು ಬರೆಯಿತು.
ನೀರಿನಲ್ಲಿ ಹೋಮ, ಗೊತ್ತು.
ಡ್ವೇನ್ ಇಣುಕಿ ನೋಡಿ ಮೆಲ್ಲಗೆ,
ಮಗುವಿಗೆ ಮಗ್ಗಿ ತಿದ್ದುವವನಂತೆ, ಹೇಳಿದ:
"ಅದೀಗ ಗೆಲ್ಲುವ ತಾರೀಖಲ್ಲ, ಮೇಡಂ."