ತಳ ಕೆರೆದವಳು

ಮಂಡ್ಯದ ನೂರಡಿ ರಸ್ತೆ, ಮೊದಲ ಮಹಡಿ.
ಕೆಳಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ಬೇಕರಿ;
ಹಲ್ಲಿನ ಡಾಕ್ಟರಿಗೆ ಇದಕ್ಕಿಂತ ಒಳ್ಳೆಯ ನೆರೆ ಸಿಕ್ಕೀತೇ?
ಕಾರ್ಖಾನೆ ಕಬ್ಬು ನುರಿಯುವ ದಿನಗಳು,
ಕಿಟಕಿ ತೆರೆದರೆ ಕಾಕಂಬಿ ವಾಸನೆ.
ಹೊಸ ಯಂತ್ರ ಬಂದು ಇವತ್ತಿಗೆ ಒಂಬತ್ತು ದಿನ.
ಕಂತು ಇನ್ನೂ ನಲವತ್ತೇಳು.

ಕುರ್ಚಿಯಲ್ಲಿ ಸಣ್ಣತಾಯಮ್ಮ.
ಎಪ್ಪತ್ತರ ಆಚೆ, ಕಡ್ಡಿಪುಡಿಯ ಬಾಯಿ.
ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ
ಒಡವೆ ಅಡ ಇಟ್ಟಂತೆ ನನ್ನ ಮೇಜಿನ ಮೇಲಿಟ್ಟು
ಬಾಯಿ ತೆರೆದಳು.

ಮೊದಲು ಬಣ್ಣ ಹಚ್ಚಿದೆ, ಕೊಳೆ ಇರುವಲ್ಲೆಲ್ಲ ಹಿಡಿಯುವಂಥದ್ದು.
ಕನ್ನಡಿ ಕೊಟ್ಟೆ.
"ನೇರಳೆಹಣ್ಣು ಕದ್ದು ತಿಂದಂಗದೆ" ಅಂತ ನಕ್ಕಳು.
ಆಮೇಲೆ ಬೆಚ್ಚನೆ ನೀರು, ಗಾಳಿ, ಬಿಳಿ ಪುಡಿ,
ಸುಯ್ ಅನ್ನುವ ಸಣ್ಣ ಉಸಿರು.
ಐವತ್ತು ವರ್ಷದ ಎಲೆಯಡಿಕೆಯ ಕೆಂಪು
ಕೊಳವೆಯೊಳಗೆ ಹೇಳದೆ ಕೇಳದೆ ಹೊರಟುಹೋಯಿತು.

"ಆಯ್ತೇನವ್ವ?"
ಆಯ್ತಮ್ಮ.
"ನೋವೇ ಆಗ್ನಿಲ್ವಲ್ಲ."
ಆಗಬಾರದು, ಅದಕ್ಕೇ ಅಷ್ಟು ದುಡ್ಡು.
"ಕೆರೆದ ಸದ್ದೇ ಇಲ್ಲ. ಚೊಕ್ಕಟವಾಯ್ತು ಅಂತ ಹೆಂಗ್ ನಂಬಾದು?
ಆಲೆಮನೇಲಿ ಇಪ್ಪತ್ತು ವರ್ಸ
ಕೊಪ್ಪರಿಗೆ ತಳ ಕೆರೆದೋಳು ಕಣವ್ವ ನಾನು.
ಸೀದ ಪಾಕ ಕಚ್ಕಂಡಿದ್ರೆ ಕಣ್ಗೆ ಕಾಣಾಕಿಲ್ಲ,
ಕೈಗೆ ಗೊತ್ತಾಯ್ತದೆ.
ಕರಕರ ಅಂತಿದ್ದದ್ದು ಜರ್ರನೆ ಜಾರ್ತು ಅಂದ್ರೆ
ಆಗ ತಳ ಬಂತು ಅಂತ."

ಪೇಟೆ ಬೀದಿಯಲ್ಲಿ ಎರಡು ಖಾನೆಯ ಕ್ಲಿನಿಕ್ಕು,
ಕಾಲಲ್ಲಿ ಒತ್ತಿದರೆ ಏರುವ ಕುರ್ಚಿ,
ಸ್ಟೀಲ್ ತಟ್ಟೆಯಲ್ಲಿ ಕೊಕ್ಕರೆ ಸಾಲಿನಂತೆ
ಕೊಕ್ಕು ಬಾಗಿಸಿ ಮಲಗಿದ ಏಳು ಕೊಂಡಿಗಳು.
ಸಂಜೆ ಎಣ್ಣೆಕಲ್ಲಿನ ಮೇಲೆ ಒಂದೊಂದನ್ನೂ ಮಸೆದು
ಹೆಬ್ಬೆರಳ ಉಗುರಿಗೆ ತಾಗಿಸಿ ನೋಡುತ್ತಿದ್ದರು
ಚೆಲುವಯ್ಯ ಡಾಕ್ಟರು.
"ವಸಡಿನ ಕೆಳಗೆ ಕಣ್ಣು ಹೋಗಲ್ಲ ವಿಶಾಲೂ,
ಬೆರಳಲ್ಲಿ ಕೇಳಿಸ್ಕೋ."
ಕೇಳಿಸಿಕೊಂಡೆ, ಆರು ವರ್ಷ.
ಬಂದವರು ಕುರ್ಚಿಯ ಕೈ ಬಿಗಿಹಿಡಿದು ಕೂರುತ್ತಿದ್ದರು,
ರಕ್ತ ಉಗುಳಿ, ಕೈಮುಗಿದು ಹೋಗುತ್ತಿದ್ದರು.
ಅರ್ಧ ಜನ ಮತ್ತೆ ಬರುತ್ತಿರಲಿಲ್ಲ.
ಡಾಕ್ಟರ ಬಲ ಮಣಿಕಟ್ಟು ಕೊನೆಗೆ
ಅಂಗಿಯ ಗುಂಡಿ ಹಾಕಲೂ ಸೋತಿತು; ಹೆಂಡತಿ ಹಾಕುತ್ತಿದ್ದರು.
ಅದನ್ನು ಮರೆತು ಹಳೆಯದನ್ನು ಹೊಗಳಲಾರೆ.

ಆದರೂ ಡ್ರಾಯರ್ ಎಳೆದೆ.

ಕವರು ಹರಿದು ಹೊರತೆಗೆದದ್ದೇ ತಡ
ಕೈ ಚಾಚಿದಳು. "ಕೊಡಿಲ್ಲಿ, ಮೊನೆ ನೋಡ್ತೀನಿ."
ಮುಟ್ಟಂಗಿಲ್ಲ, ಬೇಯಿಸಿಟ್ಟದ್ದು.
"ಮಡಿಯಾ?"
ಹೂಂ, ಮಡಿ.
ಕೈ ಹಿಂದಕ್ಕೆ ಹೋಯಿತು, ಮರ್ಯಾದೆಯಿಂದ.

ಕೆಳಸಾಲಿನ ಮುಂಹಲ್ಲು, ನಾಲಗೆಯ ಕಡೆ,
ಯಂತ್ರ ದಾಟಿಹೋಗಿದ್ದ ಒಂದು ಸಂದಿ.
ಏನೋ ತಡೆಯಿತು ಬೆರಳಿಗೆ,
ಕಂಬಳಿಯಡಿಯ ಕಲ್ಲಿನ ಹಾಗೆ.
ಕರ್
ಅವಳ ಹುಬ್ಬು ಏರಿತು.
ಕರ್ರ್
ಆಮೇಲೆ ಜರ್ರನೆ ಜಾರು.
ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಹತ್ತಿಯ ಮೇಲೆ ಒಂದು ಚೂರು,
ಅಕ್ಕಿನುಚ್ಚಿನಷ್ಟು, ಸೀದ ಬೆಲ್ಲದ ಬಣ್ಣ.
ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.
"ಇಷ್ಟಕ್ಕೇನಾ?"

ಬಾಗಿಲಲ್ಲಿ ನಿಂತು ತುಟಿ ಸವರಿಕೊಂಡಳು.
"ನಿನ್ ಪುಡಿ ಸೀಯಾಗಿತ್ತಲ್ಲವ್ವ?"
ಸಕ್ಕರೆಗೆ ದೂರದ ನೆಂಟ ಕಣಮ್ಮ ಅದು, ಹಲ್ಲು ತಿನ್ನಲ್ಲ.
ಹೊರದೇಶದಿಂದ ತರಿಸೋದು.
"ನಮ್ಮೂರ್ಗೆ? ಸೀ ಪುಡೀನಾ? ದುಡ್ ಕೊಟ್ಟು?"
ಮೆಟ್ಟಿಲುದ್ದಕ್ಕೂ ನಗು ಇಳಿದುಹೋಯಿತು.

ಎಲೆಯಡಿಕೆ ಚೀಲ ಮೇಜಿನ ಮೇಲೇ ಉಳಿದಿದೆ.
ಕಿಟಕಿಯಿಂದ ಕೂಗಲೋ, ಸುಮ್ಮನಿರಲೋ
ಅಂದುಕೊಳ್ಳುವಷ್ಟರಲ್ಲಿ
ಮೆಟ್ಟಿಲ ಮೇಲೆ ಅವಳದೇ ಏದುಸಿರು.